ಬಡಿದಷ್ಟೂ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಹೇಳಿದ್ದಾರೆ. ಪಾಪ, ಆ ಹಿರಿಯರು ನಮ್ಮ ಗುಮಾಸ್ತರನ್ನು ಕಂಡವರಲ್ಲ. ಕಂಡಿದ್ದರೆ ಗಾದೆಯನ್ನು ತಲೆಕೆಳಗು ಮಾಡಿ, ಸಂತೆಯಿಲ್ಲದ ಕಡೆ ಈ ಮನುಷ್ಯನಿಗೆ ನಿದ್ದೆಯೇ ಹತ್ತದು ಎಂದು ಬರೆದಿಟ್ಟು ಹೋಗುತ್ತಿದ್ದರು. ಹಾಗೆ ಬರೆದಿಟ್ಟಿದ್ದರೆ, ಒಂದು ಭಾನುವಾರ ಬೆಳಿಗ್ಗೆ ಗುಮಾಸ್ತರು ಗುಂಡುಕಲ್ಲಿನಂತೆ ಬದುಕಿರುವಾಗಲೇ ಅವರಿಗೆ ಶ್ರದ್ಧಾಂಜಲಿ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಗುಮಾಸ್ತರ ಕೆಲಸ ಮಹಾನಗರದ ರೈಲು ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ. ಪ್ರಯಾಣಿಕರು ಮರೆತುಹೋದ ಕೊಡೆ, ಕೈಚೀಲ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಪೂರ್ತಿ ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಕಟ್ಟಿ ಕಪಾಟಿನಲ್ಲಿಡಬೇಕು. ಊರವರ ಸಾಮಾನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಈ ಮಹಾಶಯರು ತಮ್ಮ ಸ್ವಂತ ಕೊಡೆಗೇ ಚೀಟಿ ಕಟ್ಟಿ ಒಳಗಿಟ್ಟು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದದ್ದು ಒಂದು ಸಲವಲ್ಲ, ಮೂರು ಸಲ.

ಆ ಮನೆಯೋ, ತಗಡಿನ ಟ್ರಂಕು ಮಾಡುವ ಕಾರ್ಖಾನೆಯ ನೆತ್ತಿಯ ಮೇಲಿದ್ದ ಎರಡು ಕೋಣೆ. ಕೆಳಗೆ ಹನ್ನೆರಡು ಜನ ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ ತಗಡು ಬಡಿಯುತ್ತಿದ್ದರು. ಗುಮಾಸ್ತರಿಗೆ ಅದು ಜೋಗುಳ. ತಲೆ ದಿಂಬಿಗೆ ತಾಗುವುದೇ ತಡ, ಗೊರಕೆ ಶುರು. ಅವರ ಹೆಂಡತಿಗೆ ಮಾತ್ರ ಆರು ವರ್ಷದಿಂದ ನೆಟ್ಟಗೆ ಒಂದು ರಾತ್ರಿ ನಿದ್ದೆಯಿಲ್ಲ. ಆಕೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಹಾಲಿನ ಪಾತ್ರೆ ಸೀಯಿಸಿದ್ದಕ್ಕೆ ಲೆಕ್ಕವಿಲ್ಲ. ಹೋದ ತಿಂಗಳು ಕಣ್ಣು ಕತ್ತಲಿಟ್ಟು ಎಂಟು ಮೆಟ್ಟಿಲು ಉರುಳಿದಳು. ಡಾಕ್ಟರು ಪಟ್ಟಿ ಕಟ್ಟಿ, ಗುಮಾಸ್ತರನ್ನು ಪಕ್ಕಕ್ಕೆ ಕರೆದರು.

"ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ ಕಣ್ರೀ. ಇವರಿಗೆ ಬೇಕಾಗಿರೋದು ನಿದ್ದೆ. ಮನೆ ಬದಲಾಯಿಸಿ. ಇನ್ನೊಂದು ಸಲ ಬಿದ್ರೆ ನನ್ನ ಹತ್ರ ಅಲ್ಲ, ದೊಡ್ಡಾಸ್ಪತ್ರೆಗೇ ಕರ್ಕೊಂಡು ಹೋಗಬೇಕಾಗುತ್ತೆ."

ಅಂದಿನಿಂದ ಗುಮಾಸ್ತರಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಹೆಂಡತಿಯ ಕಣ್ಣಿನ ಕೆಳಗಿನ ಕಪ್ಪು ನೋಡಿದಾಗಲೆಲ್ಲ ಬಾಡಿಗೆ ಮನೆ ಹುಡುಕಲು ಹೊರಡುತ್ತಿದ್ದರು. ನಿದ್ದೆ ಮಾತ್ರ ಎಂದಿನಂತೆ ಬರುತ್ತಿತ್ತು, ಅದಕ್ಕೆ ಅವರೇನು ಮಾಡಿಯಾರು.

ಅಷ್ಟರಲ್ಲಿ ಹೆಂಡತಿಯ ಅಕ್ಕನಿಂದ ಸುದ್ದಿ ಬಂತು. ಅಕ್ಕ ಮತ್ತು ಆಕೆಯ ಗಂಡ, ಅಂದರೆ ಗುಮಾಸ್ತರ ಷಡ್ಡಕ, ಇದ್ದದ್ದು ಮಹಾನಗರದಿಂದ ಒಂದು ಗಂಟೆ ದಾರಿಯ, ಹೊಳೆಯಾಚೆಯ ಸಣ್ಣ ಬಡಾವಣೆಯಲ್ಲಿ. ಬಸ್ಸು ಈಚೆ ದಡಕ್ಕೇ ನಿಲ್ಲುತ್ತದೆ. ಆಚೆಗೆ ದೋಣಿಯೇ ಗತಿ. ಹಾಗಾಗಿ ಅಲ್ಲಿ ಕಾರಿಲ್ಲ, ಲಾರಿಯಿಲ್ಲ, ಹಾರನ್ನಿಲ್ಲ. ಅಲ್ಲೊಂದು ಮನೆ ಬಾಡಿಗೆಗೆ ಖಾಲಿಯಾಗಿತ್ತು. ಆದರೆ ಯಾರಿಗೆಂದರೆ ಅವರಿಗೆ ಕೊಡುವ ಹಾಗಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಗಂಡಹೆಂಡಿರನ್ನು ಖುದ್ದಾಗಿ ಕಂಡು, ಇವರು ಗಲಾಟೆಯವರಲ್ಲ ಎಂದು ಒಪ್ಪಬೇಕು. ಭೇಟಿ ಭಾನುವಾರ ಹನ್ನೊಂದಕ್ಕೆ ನಿಗದಿಯಾಯಿತು. ಅಕ್ಕ ಭಾವ ಮಗಳ ಹೆರಿಗೆಗೆ ಪರವೂರಿಗೆ ಹೋಗಿದ್ದರು. ಗುಮಾಸ್ತರು ಶನಿವಾರವೇ ಹೋಗಿ, ಅವರ ಮನೆಯಲ್ಲಿ ತಂಗಿ, ಗಾಜಿನ ತೊಟ್ಟಿಯ ಮೀನುಗಳಿಗೆ ತಿನ್ನಲು ಹಾಕಬೇಕು. ಹೆಂಡತಿ ಶನಿವಾರದ ಹೊಲಿಗೆ ತರಗತಿ ಮುಗಿಸಿ ಭಾನುವಾರ ಬೆಳಿಗ್ಗೆ ಬಂದು ಸೇರಿಕೊಳ್ಳಬೇಕು. ಅಕ್ಕ ಮನೆಯ ಕಟ್ಟುಪಾಡುಗಳನ್ನೆಲ್ಲ ನಾಲ್ಕು ಪುಟದ ಕಾಗದದಲ್ಲಿ ಬರೆದು ಕಳಿಸಿದ್ದಳು.

"ರೀ, ಅಲ್ಲಿ ಹೆಚ್ಚು ಮಾತಾಡಬೇಡಿ," ಎಂದಳು ಹೆಂಡತಿ. "ಅಕ್ಕ ಬರೆದಿರೋದನ್ನ ಮಾಡಿ. ಬರೆಯದೆ ಇರೋದನ್ನ ಮಾಡಬೇಡಿ."

"ನಾನೇನು ಮಗುನಾ?" ಎಂದರು ಗುಮಾಸ್ತರು. ಹೆಂಡತಿ ಕಾಗದವನ್ನು ಮಡಿಸಿ ಅವರ ಜೇಬಿಗೆ ತುರುಕಿದಳು.

ಬಸ್ಸಿನಲ್ಲಿ ಮೊದಲ ಪುಟ ಓದಿದರು. ಅದರಲ್ಲಿ ಪೂರ್ತಿ ಮೀನುಗಳದೇ ವಿಚಾರ. ಉಳಿದ ಮೂರು ಪುಟ ಆಮೇಲೆ ಓದಿದರಾಯಿತು ಎಂದು ಕಾಗದವನ್ನು ಪಕ್ಕದ ಸೀಟಿನ ಮೇಲಿಟ್ಟು, ಇಳಿಯುವಾಗ ಅಲ್ಲೇ ಬಿಟ್ಟು ಇಳಿದರು.

ದೋಣಿ ಹತ್ತಿದಾಗ ಅವರಿಗೆ ಮೊದಲನೇ ಆಘಾತ. ದೋಣಿಯವನು ಹುಟ್ಟಿಗೆ ಬಟ್ಟೆ ಸುತ್ತಿದ್ದ.

"ಏನಪ್ಪಾ, ಹುಟ್ಟಿಗೆ ಪೆಟ್ಟಾಗಿದೆಯಾ?"

ದೋಣಿಯವನು ತುಟಿಯ ಮೇಲೆ ಬೆರಳಿಟ್ಟ. "ಸದ್ದಾಗಬಾರದು ಅಂತ ಸಾರ್. ಆಚೆ ದಡದವರು ಮಲಗಿರ್ತಾರೆ."

"ಮಧ್ಯಾಹ್ನ ಮೂರು ಗಂಟೆಗಾ?"

"ಯಾವಾಗ ಬೇಕಾದ್ರೂ ಮಲಗಿರಬಹುದಲ್ಲ ಸಾರ್."

ಬೀದಿಗೆ ಕಾಲಿಟ್ಟರೆ ಇನ್ನೂ ವಿಚಿತ್ರ. ಗೇಟುಗಳ ಕೀಲಿಗೆಲ್ಲ ಎಣ್ಣೆ, ವರಾಂಡದ ಕುರ್ಚಿಗಳ ಕಾಲಿಗೆ ರಬ್ಬರು, ಸೈಕಲ್ಲುಗಳಿಗೆ ಗಂಟೆಯೇ ಇಲ್ಲ. ಒಬ್ಬ ಹೆಂಗಸು ಬಟ್ಟೆಯನ್ನು ಕಲ್ಲಿಗೆ ಬಡಿಯದೆ, ಮಗುವಿನ ಮೈ ಉಜ್ಜುವ ಹಾಗೆ ಉಜ್ಜುತ್ತಿದ್ದಳು. ಒಂದು ನಾಯಿ ಗುಮಾಸ್ತರನ್ನು ನೋಡಿ, ಬೊಗಳಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ಮಲಗಿತು. ಅವರ ಚಪ್ಪಲಿಯ ಚಟಪಟಕ್ಕೆ ಎರಡು ಕಿಟಕಿ ತೆರೆದವು. ಗುಮಾಸ್ತರು ಗಾಬರಿಯಾಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದರು. ಹೆಂಡತಿ ಇಲ್ಲಿ ಬಂದರೆ ಬದುಕಿಕೊಳ್ಳುತ್ತಾಳೆ ಎಂದು ಅವರಿಗೆ ಆ ಕ್ಷಣವೇ ಖಾತ್ರಿಯಾಯಿತು. ಏನಾದರೂ ಮಾಡಿ ಈ ಮನೆ ಹಿಡಿಯಲೇಬೇಕು.

ಬೀಗದ ಕೈ ಇದ್ದದ್ದು ಪಕ್ಕದ ಮನೆಯ ನರ್ಸಮ್ಮನ ಬಳಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದವರು. ಯಾರನ್ನು ಕಂಡರೂ ಮೊದಲು ನಾಲಿಗೆಯ ಬಣ್ಣ ನೋಡುವ ಅಭ್ಯಾಸ.

"ಕಾಗದ ಓದಿದೀರಲ್ಲ? ಗೇಟಿನ ಬಿಲ್ಲೆ ವಿಷಯ ಗೊತ್ತಲ್ಲ?" ಎಂದು ಕೇಳಿದರು.

ಕಾಗದ ಬಸ್ಸಿನಲ್ಲಿ ಬಿಟ್ಟೆ ಎಂದರೆ ಮೊದಲ ದಿನವೇ ಮರ್ಯಾದೆ ಮೂರಾಬಟ್ಟೆ. "ಓದಿದೀರಾ ಅಂತೀರಾ? ಬಾಯಿಪಾಠ ಆಗಿದೆ," ಎಂದರು ಗುಮಾಸ್ತರು.

ಬಿಲ್ಲೆಯ ವಿಷಯ ಅವರಿಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿರಲಿ. ಆ ಬಡಾವಣೆಯ ಪ್ರತಿ ಗೇಟಿಗೂ ಅಂಗೈಯಗಲದ ತಗಡಿನ ಬಿಲ್ಲೆ ನೇತುಹಾಕಿತ್ತು, ಒಂದು ಮುಖ ಕೆಂಪು, ಒಂದು ಮುಖ ಹಸಿರು. ಮಲಗುವಾಗ ಕೆಂಪು, ಬೆಳಿಗ್ಗೆ ಎಂಟರೊಳಗೆ ಹಸಿರು. ಹಿಂದೊಮ್ಮೆ ಒಬ್ಬರು ಮನೆಯೊಳಗೆ ಪ್ರಾಣ ಬಿಟ್ಟು ಮೂರು ದಿನವಾದರೂ ಆ ಮೌನದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಅಂದಿನಿಂದ ಈ ಏರ್ಪಾಡು. ಎಂಟು ದಾಟಿಯೂ ಬಿಲ್ಲೆ ಕೆಂಪಾಗಿದ್ದರೆ ಅಕ್ಕಪಕ್ಕದವರು ಬಂದು ಬಾಗಿಲು ತಟ್ಟಬೇಕು. ಗುಮಾಸ್ತರು ಗೇಟು ತೆಗೆಯುವಾಗ ಬಿಲ್ಲೆ ಕೈಗೆ ತಾಕಿ ತಿರುಗಿತು. ಕೆಂಪು ಬಣ್ಣವೇ ಚೆಂದ ಎನ್ನಿಸಿ ಹಾಗೇ ಬಿಟ್ಟರು.

ಸಂಜೆ ಕಾರ್ಯದರ್ಶಿಗಳೇ ಗೇಟಿನ ಬಳಿ ಬಂದರು. ನಿವೃತ್ತ ಲೈಬ್ರೇರಿಯನ್ನು. ಮೂವತ್ತೈದು ವರ್ಷ "ಸದ್ದು, ಸದ್ದು" ಎಂದು ಪಿಸುಗುಟ್ಟಿ ಪಿಸುಗುಟ್ಟಿ ಅವರ ಗಂಟಲಿನಲ್ಲಿ ಬೇರೆ ಸ್ವರವೇ ಉಳಿದಿರಲಿಲ್ಲ. ಅಚ್ಚಿನಲ್ಲಿರುವುದೆಲ್ಲ ನಿಜ, ಹಿರಿಯರು ಹೇಳಿದ್ದೆಲ್ಲ ಸತ್ಯ ಎಂದು ನಂಬುವ ಸಾಧು ಮನುಷ್ಯ.

"ನಾಳೆ ಹನ್ನೊಂದಕ್ಕೆ ಭೇಟಿ. ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ. ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ?"

ಸಾದಾ ಪ್ರಶ್ನೆ. ಎಂಟೂವರೆಗೆ ಎಂದು ಸಾದಾ ಉತ್ತರ ಕೊಟ್ಟಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆದರೆ ಗುಮಾಸ್ತರ ನಾಲಿಗೆಗೆ ಎಲುಬಿಲ್ಲ.

"ಐದಕ್ಕೆ," ಎಂದರು. "ಐದು ಹೊಡೆದ ಮೇಲೆ ಹಾಸಿಗೆ ಅಂದ್ರೆ ನನಗೆ ಮುಳ್ಳು. ಎದ್ದು ಹೊಳೆ ದಂಡೇಲಿ ಒಂದು ಸುತ್ತು. ಪಕ್ಕದಲ್ಲಿ ನಡೆಯೋರಿಗೂ ನನ್ನ ಹೆಜ್ಜೆ ಕೇಳಿಸಬಾರದು, ಹಾಗೆ ನಡೀತೀನಿ."

ಕಾರ್ಯದರ್ಶಿಗಳ ಕಣ್ಣು ಅರಳಿತು. "ಪ್ರತಿದಿನಾನಾ?"

"ಪ್ರತಿದಿನ. ಒಂದು ದಿನ ಐದಕ್ಕೆ ಏಳಲಿಲ್ಲ ಅಂದ್ರೆ ನಾನು ಸತ್ತೆ ಅಂತಲೇ ತಿಳ್ಕೊಳ್ಳಿ ಸಾರ್."

ಕಾರ್ಯದರ್ಶಿಗಳು ಹಾಗೆಯೇ ತಿಳಿದುಕೊಂಡರು.

ಆ ರಾತ್ರಿಯ ಕಥೆ ಉದ್ದವಿಲ್ಲ. ಗುಮಾಸ್ತರು ಬಾಗಿಲ ಚಿಲಕ ಹಾಕಿ, ಕಿಟಕಿ ಮುಚ್ಚಿ, ಅಕ್ಕನ ಬೀರುವಿನಿಂದ ಒಂದು ಬಿಳಿ ಹೊದಿಕೆ ತೆಗೆದು ಹೊದ್ದು ಮಲಗಿದರು. ನಿದ್ದೆ ಬರಲಿಲ್ಲ. ಕೆಳಗೆ ಯಾರೂ ಬಡಿಯುತ್ತಿಲ್ಲ, ಕೂಗುತ್ತಿಲ್ಲ, ತಗಡು ಎಳೆಯುತ್ತಿಲ್ಲ. ಕಿವಿಯೊಳಗೆ ತಮ್ಮದೇ ರಕ್ತ ಹರಿಯುವುದು ಕೇಳಿಸುತ್ತಿತ್ತು. ಮೀನು ಬಾಲ ಆಡಿಸಿದ್ದೂ ಕೇಳಿಸಿತು. ಇದ್ಯಾಕೆ ಹೀಗೆ ಎಂದು ಅವರಿಗೆ ಅರ್ಥವೇ ಆಗಲಿಲ್ಲ, ಏಕೆಂದರೆ ಆರು ವರ್ಷದಲ್ಲಿ ಅವರು ಬೇರೆ ಕಡೆ ಒಂದು ರಾತ್ರಿಯೂ ಮಲಗಿದವರಲ್ಲ. ಹೊರಳಾಡಿ ಹೊರಳಾಡಿ ಬೆಳಕು ಹರಿದಾಗ ಮೈ ಸೋತು, ಕಣ್ಣು ಉರಿದು, ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಅಂಗಾತ ಬಿದ್ದುಕೊಂಡರು. ಎಂಟರ ತನಕವೂ ಹಾಗೇ ಎಚ್ಚರ.

ಎಂಟು ಐದಕ್ಕೆ ನರ್ಸಮ್ಮ ಕೆಂಪು ಬಿಲ್ಲೆ ನೋಡಿದರು. ಬಂದು ಒಂದು ಬೆರಳಿನಿಂದ ಬಾಗಿಲು ತಟ್ಟಿದರು. ಟಕ್, ಟಕ್, ಟಕ್.

ಒಳಗೆ ಗುಮಾಸ್ತರಿಗೆ ಹಾಯೆನಿಸಿತು. ಯಾರೋ ಎಲ್ಲೋ ಏನನ್ನೋ ಬಡಿಯುತ್ತಿದ್ದಾರೆ. ಕಾರ್ಖಾನೆ ಶುರುವಾಯಿತು. ಟಕ್ ಟಕ್ ಎಂಬ ನಾಲ್ಕನೇ ಪೆಟ್ಟಿಗೆ ಅವರ ಕಣ್ಣು ಮುಚ್ಚಿಹೋಯಿತು. ಅಲ್ಲಿಂದ ಮುಂದಿನದನ್ನೆಲ್ಲ ಅವರು ಆಮೇಲೆ ಹತ್ತು ಜನರ ಬಾಯಿಂದ ಕೇಳಿ ಜೋಡಿಸಿಕೊಂಡದ್ದು.

ಉತ್ತರವಿಲ್ಲದ್ದು ನೋಡಿ ನರ್ಸಮ್ಮ ಹಿಡಿಮುಷ್ಟಿಯಿಂದ ತಟ್ಟಿದರು. ಗುಮಾಸ್ತರ ನಿದ್ದೆ ಗಟ್ಟಿಯಾಯಿತು. ನರ್ಸಮ್ಮ ಎದುರು ಮನೆಯವರನ್ನು ಬಾಗಿಲಿಗೆ ನಿಲ್ಲಿಸಿ, ತಟ್ಟುತ್ತಲೇ ಇರಿ ಎಂದು ಹೇಳಿ, ಕಾರ್ಯದರ್ಶಿಗಳನ್ನು ಕರೆತಂದರು.

"ಐದಕ್ಕೆ ಹೊಳೆ ದಂಡೇಲಿ ಕಾಯ್ತಾ ಇದ್ದೆ, ಅವರು ಬರಲೇ ಇಲ್ಲ," ಎಂದು ಕಾರ್ಯದರ್ಶಿಗಳು ಪಿಸುಗುಟ್ಟಿದರು. ಅವರ ಮುಖ ಬಿಳಿಚಿತ್ತು. "ಐದಕ್ಕೆ ಏಳದಿದ್ರೆ ಸತ್ತೆ ಅಂತ ತಿಳ್ಕೊಳ್ಳಿ ಅಂತ ಅವರೇ ಹೇಳಿದ್ರು ನರ್ಸಮ್ಮ. ಸ್ವಂತ ಬಾಯಲ್ಲಿ."

ನರ್ಸಮ್ಮ ಕಿಟಕಿಯ ಸಂದಿಗೆ ಕಣ್ಣಿಟ್ಟರು. ಮಂಚ, ತಲೆಯಿಂದ ಮೊಣಕಾಲಿನವರೆಗೆ ಬಿಳಿ ಹೊದಿಕೆ, ಅದರ ಕೆಳಗೆ ಎರಡು ಪಾದ. ಅಲುಗಾಟವಿಲ್ಲ. ನರ್ಸಮ್ಮ ಈಚೆಗೆ ಬಂದು ಮೂಗಿನ ಮೇಲಿದ್ದ ಕನ್ನಡಕ ತೆಗೆದರು.

"ಪಾದ ನೋಡಿದ್ರೆ ಸಾಕು ನನಗೆ. ಮೂವತ್ತು ವರ್ಷ ನೋಡಿದೀನಿ. ಹೋಗಿದಾರೆ."

"ಮುಖದ ಮೇಲೆ ಹೊದಿಕೆ ಹಾಕಿದ್ಯಾರು?"

"ಶಿಸ್ತಿನ ಮನುಷ್ಯ ಅಲ್ವಾ. ತಾವೇ ಹಾಕ್ಕೊಂಡಿರಬೇಕು."

ಕಾರ್ಯದರ್ಶಿಗಳಿಗೆ ಇದು ಸರಿಯೆನಿಸಿತು. ಆದರೂ ಖಚಿತವಾಗಬೇಕಲ್ಲ ಎಂದು ಊರುಗೋಲಿನಿಂದ ಬಾಗಿಲು ಕುಟ್ಟಿದರು. ಎದುರು ಮನೆಯವರು ಊಟದ ತಟ್ಟೆ ತಂದು ಸೌಟಿನಿಂದ ಬಾರಿಸಿದರು. ಮೂಲೆಮನೆಯವರು ಖಾಲಿ ಡ್ರಮ್ಮು ಉರುಳಿಸಿಕೊಂಡು ಬಂದರು. ಸೂಜಿ ಬಿದ್ದರೆ ತಿರುಗಿ ನೋಡುತ್ತಿದ್ದ ಆ ಬೀದಿಯಲ್ಲಿ ಒಂಬತ್ತು ಗಂಟೆಗೆ ಎದ್ದ ಗದ್ದಲಕ್ಕೆ ಹೊಳೆಯ ಬಾತುಕೋಳಿಗಳು ಗುಳೆ ಹೊರಟವು. ಒಳಗೆ ಗುಮಾಸ್ತರಿಗೆ ಕನಸು. ಕಾರ್ಖಾನೆಗೆ ಸಾವಿರ ಟ್ರಂಕಿನ ಆರ್ಡರು ಬಂದಿದೆ, ಎಲ್ಲರೂ ಒಂದೇ ಸಮ ಬಡಿಯುತ್ತಿದ್ದಾರೆ, ಆಹಾ ಎಂಥ ರಜಾದಿನ ಎಂದು ಅವರು ಗೊರಕೆ ಹೊಡೆದರು. ಆ ಮಹನೀಯರಲ್ಲಿ ಒಬ್ಬರಾದರೂ ಅರೆಗಳಿಗೆ ಕೈ ನಿಲ್ಲಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

ಹೊರಠಾಣೆಯ ಪೇದೆ ಬಂದ. ಆ ಠಾಣೆಯಲ್ಲಿ ಒಂದು ವರ್ಷದಿಂದ ಒಂದೂ ದೂರಿಲ್ಲದೆ ಪೆನ್ನಿನ ಶಾಯಿ ಒಣಗಿತ್ತು. ಅವನು ಮೊದಲು ಸೀಟಿ ಊದಿ ಎಬ್ಬಿಸಲು ನೋಡಿದ. ಆಗಲಿಲ್ಲ. ಪುಸ್ತಕ ತೆರೆದ.

"ಮೃತರ ಹೆಸರು?"

ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಐದು ಗಂಟೆಯ ವಿಷಯ ಹೇಳಿದ್ದರೇ ಹೊರತು ಹೆಸರು ಹೇಳಿರಲಿಲ್ಲ.

"ಸಾಯೋ ಮುಂಚೆ ಏನಾದ್ರೂ ಹೇಳಿದ್ರಾ?"

"ಸಾಯ್ತೀನಿ ಅಂತ ಹೇಳಿದ್ರು," ಎಂದರು ಕಾರ್ಯದರ್ಶಿಗಳು.

ಪೇದೆ ಬೆವರು ಒರೆಸಿಕೊಂಡ. "ಇದು ದೊಡ್ಡ ಕೇಸು ಸಾರ್. ಮನೆ ಮಾಲೀಕರಿಗೆ ಫೋನ್ ಮಾಡಿ."

ನರ್ಸಮ್ಮನೇ ಮಾಡಿದರು. ಅತ್ತ ಕಡೆಯಿಂದ ಅಕ್ಕನ ಗೋಳು ಡ್ರಮ್ಮಿನ ಸದ್ದನ್ನೂ ಮೀರಿ ಬೀದಿಗೆಲ್ಲ ಕೇಳಿಸಿತು. "ಅಯ್ಯೋ ನನ್ನ ತಂಗಿ ಗತಿ ಏನು ನರ್ಸಮ್ಮ, ಅವಳು ಬಸ್ಸಿಗೆ ಹೊರಟಿರ್ತಾಳೆ. ಬಂಗಾರದಂಥ ಮನುಷ್ಯ. ಎಡವಟ್ಟು, ಆದ್ರೂ ಬಂಗಾರ." ಬಿಕ್ಕಿದಳು. ಆಮೇಲೆ, "ಏನು ಹೊದ್ದಿದಾರೆ ಅಂದ್ರಿ?"

"ಬಿಳೀದು. ನೀಲಿ ಅಂಚು."

ಅಕ್ಕನ ಅಳು ತಟ್ಟನೆ ನಿಂತಿತು. "ನೀಲಿ ಅಂಚಿಂದಾ? ಅದು ಮೊಮ್ಮಗುವಿಗೆ ಅಂತ ಎತ್ತಿಟ್ಟಿದ್ದು. ಮೂರನೇ ಪುಟದಲ್ಲಿ ಬರೆದಿದ್ದೆ, ಮುಟ್ಟಬೇಡಿ ಅಂತ." ಮತ್ತೆ ಬಿಕ್ಕಿದಳು. ಹಿಂದಿನಿಂದ ಷಡ್ಡಕರ ಧ್ವನಿ: "ಬಾಗಿಲು ಒಡೀಬೇಡಿ ಅಂತ ಹೇಳೇ. ತೇಗದ್ದು. ಕೀಲು ಬಿಚ್ಚಲಿ."

ಬಡಗಿ ಬಂದ. ಕೀಲುಗಳು ತೇಗಕ್ಕೆ ಕಚ್ಚಿಕೊಂಡಿದ್ದವು. ಅವನು ಉಳಿಯಿಟ್ಟು ಸುತ್ತಿಗೆಯಿಂದ ಬಡಿಯತೊಡಗಿದ. ಕಾರ್ಖಾನೆಯಲ್ಲಿ ಬಡಿಯುವ ಸುತ್ತಿಗೆಯೇ ಅದು, ಅದೇ ತೂಕ, ಅದೇ ಲಯ. ಗುಮಾಸ್ತರು ಏಳು ಸಮುದ್ರದಾಚೆಯ ನಿದ್ದೆಗೆ ಇಳಿ‌ದುಹೋದರು.

ಅತ್ತ ಕಾರ್ಯದರ್ಶಿಗಳು ಸಂಘದ ಫಲಕದ ಮುಂದೆ ನಿಂತು, ಕಣ್ಣೊರೆಸಿಕೊಳ್ಳುತ್ತ, ದುಂಡು ಅಕ್ಷರದಲ್ಲಿ ಬರೆದರು: "ನಮ್ಮ ಬಡಾವಣೆಗೆ ಬಂದು ಹದಿನೇಳೇ ಗಂಟೆಗಳಲ್ಲಿ ನಮ್ಮನ್ನಗಲಿದ ರೈಲ್ವೆಯ ಹಿರಿಯರು ಮಿತಭಾಷಿಗಳೂ, ದಿನಂಪ್ರತಿ ಐದಕ್ಕೆ ಏಳುತ್ತಿದ್ದ ಶಿಸ್ತಿನ ಸಿಪಾಯಿಗಳೂ ಆಗಿದ್ದರು. ಅವರ ಹೆಜ್ಜೆಯ ಸದ್ದನ್ನು ಈ ಊರು ಕೇಳಲೇ ಇಲ್ಲ." ಅಕ್ಕನನ್ನು ಹೆಸರು ಕೇಳುವುದನ್ನು ಎಲ್ಲರೂ ಮರೆತಿದ್ದರಿಂದ ಹೆಸರಿನ ಜಾಗ ಖಾಲಿ ಬಿಟ್ಟರು.

ಹೊಳೆಯ ಈಚೆ ದಡದಲ್ಲಿ ಗುಮಾಸ್ತರ ಹೆಂಡತಿ ಬಸ್ಸಿಳಿದು ದೋಣಿ ಹತ್ತಿದಳು. ಕೇಳದೆ ಬಾಯಿಬಿಡದ ದೋಣಿಯವನು ಅಂದು ತಾನಾಗಿ ಮಾತು ತೆಗೆದ.

"ಆಚೆ ಇಳಿದ ಮೇಲೆ ಬೀದಿ ದಾಟೋದು ತಡವಾಗಬಹುದಮ್ಮ. ಜನ ಎಲ್ಲ ಒಂದು ಮನೆ ಮುಂದೆ ಸೇರಿದಾರೆ. ನಿನ್ನೆ ನನ್ನ ದೋಣೀಲೇ ಬಂದವರು. ಪಾಪ, ರೈಲ್ವೆಯವರಂತೆ. ರಾತ್ರಿ ಮಲಗಿದವರು ಏಳಲೇ ಇಲ್ಲ."

ಆಕೆಯ ಕೈಚೀಲ ದೋಣಿಯ ತಳಕ್ಕೆ ಬಿತ್ತು. ನನಗೋಸ್ಕರ ಬಂದರು, ನನ್ನ ನಿದ್ದೆಗೋಸ್ಕರ ಬಂದು ತಾವು ಮಲಗಿಬಿಟ್ಟರು ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಡುಹೊಳೆಯಲ್ಲಿ ದೋಣಿಯವನು ಹುಟ್ಟು ನಿಲ್ಲಿಸಿದ.

"ನಿಮ್ಮವರಾ ಅಮ್ಮಾ? ಎಂಟು ಗಂಟೆಯಿಂದ ಬಾಗಿಲು ಬಡೀತಾನೇ ಇದಾರೆ. ತಟ್ಟೆ ಆಯ್ತು, ಡ್ರಮ್ಮು ಆಯ್ತು, ಈಗ ಬಡಗಿ ಸುತ್ತಿಗೇಲಿ ಬಡೀತಿದಾನೆ. ಮಿಸುಕಾಡ್ತಿಲ್ಲ ಅಂತೆ."

ಗುಮಾಸ್ತರ ಹೆಂಡತಿ ತಲೆಯೆತ್ತಿದಳು. "ಏನಂದೆ? ಸುತ್ತಿಗೇಲಾ?"

"ಹೌದಮ್ಮ."

"ಒಂದೇ ಸಮನೆ?"

"ಒಂದೇ ಸಮನೆ. ಕೇಳಿ, ಇಲ್ಲೀವರೆಗೂ ಕೇಳಿಸ್ತಿದೆ."

ಆಕೆ ಕಿವಿಗೊಟ್ಟು ಕೇಳಿದಳು. ಠಣ್, ಠಣ್, ಠಣ್. ಆರು ವರ್ಷದಿಂದ ತನ್ನ ಪ್ರಾಣ ತಿಂದ ಅದೇ ಸದ್ದು. ಪಾಳಿ ಬದಲಾಗುವಾಗ ಬಡಿತ ನಿಂತ ಗಳಿಗೆಯಲ್ಲಿ ಮಾತ್ರ ಗಂಡ ದಡಕ್ಕನೆ ಎದ್ದು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದುದು ಆಕೆಯ ಕಣ್ಣ ಮುಂದೆ ಬಂತು. ಬತ್ತಿದ್ದ ಮುಖಕ್ಕೆ ಮೊದಲು ಜೀವ ಬಂತು, ಅದರ ಹಿಂದೆಯೇ ಸಿಟ್ಟು ಬಂತು.

"ಬೇಗ ನಡೆಸಪ್ಪ," ಎಂದಳು. "ಹಾಗೆ ಬಡೀತಾ ಕೂತ್ರೆ ಅವರು ನಾಳೆ ಸಂಜೆಗೂ ಏಳಲ್ಲ."

ಆಕೆ ಗುಂಪನ್ನು ಸೀಳಿಕೊಂಡು ಬಂದಾಗ ಎಲ್ಲರೂ ದಾರಿ ಬಿಟ್ಟರು. ನರ್ಸಮ್ಮ ಭುಜ ಹಿಡಿದುಕೊಂಡರು. "ಧೈರ್ಯ ತಂದ್ಕೋಮ್ಮ. ನೋವಿಲ್ಲದೆ ಹೋಗಿದಾರೆ."

"ಎಲ್ಲೂ ಹೋಗಿಲ್ಲ. ಒಂದು ನಿಮಿಷ ಎಲ್ಲರೂ ಸುಮ್ಮನಿರಿ. ಯಾರೂ ಏನೂ ಸದ್ದು ಮಾಡಬೇಡಿ," ಎಂದಳು ಆಕೆ.

ಪಾಪ, ದುಃಖದಲ್ಲಿ ಹೀಗೆಲ್ಲ ಮಾತಾಡುತ್ತಾಳೆ ಎಂದುಕೊಂಡರು ಜನ. ಹೆಂಡತಿಯೇ ಒಂದು ನಿಮಿಷದ ಮೌನ ಕೇಳುತ್ತಿದ್ದಾಳೆ, ಅದು ನ್ಯಾಯವೇ. ಕಾರ್ಯದರ್ಶಿಗಳು ಗಡಿಯಾರ ನೋಡಿ ಕೈ ಎತ್ತಿದರು. ಬಡಗಿ ಸುತ್ತಿಗೆ ಇಳಿಸಿದ. ಪೇದೆ ಟೋಪಿ ತೆಗೆದ. ಅರವತ್ತು ಮನೆಯ ಜನ ತಲೆ ತಗ್ಗಿಸಿ, ಕೈಕಟ್ಟಿ ನಿಂತರು. ಹೊಳೆಯ ನೀರು ಕಲ್ಲಿಗೆ ತಾಗುವುದಷ್ಟೇ ಕೇಳುತ್ತಿತ್ತು.

ನಲವತ್ತನೇ ಸೆಕೆಂಡಿಗೆ ಒಳಗೆ ಮಂಚ ಕಿರ್ರೆಂದಿತು.

ಚಿಲಕ ಸರಿಯಿತು. ಕೀಲು ಸಡಿಲಾಗಿದ್ದ ತೇಗದ ಬಾಗಿಲು ಓರೆಯಾಗಿ ತೆರೆಯಿತು. ಹೊಸ್ತಿಲಲ್ಲಿ ನೀಲಿ ಅಂಚಿನ ಹೊದಿಕೆ ಹೊದ್ದ ಗುಮಾಸ್ತರು, ಕೆದರಿದ ಕೂದಲು, ಮುಖದ ತುಂಬ ಅಸಮಾಧಾನ.

"ಯಾಕ್ರೀ ನಿಲ್ಲಿಸಿಬಿಟ್ರಿ?" ಎಂದರು.

ಬಡಗಿಯ ಸುತ್ತಿಗೆ ಪೇದೆಯ ಕಾಲ ಮೇಲೆ ಬಿತ್ತು. ಪೇದೆ ಬಾಯಲ್ಲಿದ್ದ ಸೀಟಿಯೊಳಗೇ ಕಿರುಚಿದ. ಮೂಲೆಮನೆಯವರು ಡ್ರಮ್ಮಿನೊಳಗೆ ಕೂತರು. ಕಾರ್ಯದರ್ಶಿಗಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನರ್ಸಮ್ಮ ಮಾತ್ರ ಹತ್ತಿರ ಬಂದು ಗುಮಾಸ್ತರ ಪಾದವನ್ನು ಬಗ್ಗಿ ನೋಡಿದರು.

"ಇಂಥ ಪಾದ ಇಟ್ಕೊಂಡು ಬದುಕಿರಬಾರದು ಕಣ್ರೀ," ಎಂದರು ಅವಮಾನದಿಂದ.

ಗುಮಾಸ್ತರ ದೃಷ್ಟಿ ಎದುರಿನ ಫಲಕದ ಮೇಲೆ ಬಿತ್ತು. ಪೂರ್ತಿ ಓದಿದರು. ರೈಲ್ವೆಯ ಹಿರಿಯರು, ಹದಿನೇಳು ಗಂಟೆ, ಐದಕ್ಕೆ ಏಳುವ ಶಿಸ್ತು. "ಯಾರು ಇವರು? ನಮ್ಮ ಇಲಾಖೆಯವರಾ?" ಎಂದು ಮೆಲ್ಲಗೆ ಕೇಳಿದರು. ಹೆಂಡತಿ ಕಣ್ಣಿನಲ್ಲೇ ಉತ್ತರ ಕೊಟ್ಟಳು. ಗುಮಾಸ್ತರು ಹೊಸ್ತಿಲ ಮೇಲೆ ಕುಸಿದು ಕೂತರು.

ಹನ್ನೊಂದಕ್ಕೆ ಸರಿಯಾಗಿ ಭೇಟಿ ನಡೆಯಿತು, ದೋಣಿಗಟ್ಟೆಯ ಮರದಡಿ. ಕಲ್ಲುಬೆಂಚಿನ ಮೇಲೆ ಹೆಂಡತಿ, ಎದುರಿಗೆ ಕುರ್ಚಿಯಲ್ಲಿ ಕಾರ್ಯದರ್ಶಿಗಳು, ನಡುವೆ ಅಪರಾಧಿಯಂತೆ ನಿಂತ ಗುಮಾಸ್ತರು, ಸುತ್ತಲೂ ಊರು. ಗುಮಾಸ್ತರು ಎಲ್ಲವನ್ನೂ ಒಪ್ಪಿಕೊಂಡರು. ಕಾಗದ ಬಸ್ಸಿನಲ್ಲಿ ಬಿಟ್ಟದ್ದು, ಐದಕ್ಕೆ ಹುಟ್ಟಿದಾರಭ್ಯ ಎದ್ದಿಲ್ಲದ್ದು, ಸದ್ದಿಲ್ಲದೆ ನಿದ್ದೆಯೇ ಬಾರದೆ ಹೋದದ್ದು. ಒಂದೊಂದಕ್ಕೂ ಜನ ದಂಗಾದರು.

"ಸದ್ದು ಇದ್ರೆ ನಿದ್ದೆ ಬರೋ ಮನುಷ್ಯನನ್ನ ಈ ಊರಲ್ಲಿ ಇಟ್ಕೊಳ್ಳೋದು ಹೇಗೆ?" ಎಂದರು ಕಾರ್ಯದರ್ಶಿಗಳು. "ಇಪ್ಪತ್ತೆರಡು ವರ್ಷದಲ್ಲಿ ಇಂಥ ಗಲಾಟೆ ಆಗಿರಲಿಲ್ಲ. ಕ್ಷಮಿಸಿ. ನಿಯಮ ಓದ್ತೀನಿ, ನೀವೇ ತೀರ್ಮಾನ ಮಾಡಿ."

ಅವರು ಪುಸ್ತಕ ತೆರೆದು ತಮ್ಮ ಪಿಸುದನಿಯಲ್ಲಿ ಓದತೊಡಗಿದರು. ನಿಯಮ ಒಂದು, ನಿಯಮ ಎರಡು, ನಿಯಮ ಎರಡರ ಉಪನಿಯಮ. ಗುಮಾಸ್ತರಿಗೆ ಕಣ್ಣಲ್ಲಿ ನೀರು ಬಂತು. ಮನೆ ಕೈಬಿಟ್ಟಿತು. ಮತ್ತೆ ಆ ಟ್ರಂಕು, ಆ ಮೆಟ್ಟಿಲು. ಹೆಂಡತಿಗೆ ಯಾವ ಮುಖ ತೋರಿಸುವುದು ಎಂದು ಅಂಜುತ್ತಂಜುತ್ತ ಆಕೆಯ ಕಡೆ ತಿರುಗಿದರು.

ಹೆಂಡತಿ ಮಲಗಿದ್ದಳು. ಕೈಚೀಲ ಮಡಿಲಲ್ಲಿ ಹಾಗೇ ಇತ್ತು, ತಲೆ ಮರದ ಬೊಡ್ಡೆಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಹಣೆಯ ಗಂಟು ಬಿಚ್ಚಿಹೋಗಿತ್ತು. ಆರು ವರ್ಷದಲ್ಲಿ ಅವರು ಆ ಮುಖವನ್ನು ಹಾಗೆ ನೋಡಿಯೇ ಇರಲಿಲ್ಲ.

ಗುಮಾಸ್ತರು ಕಾರ್ಯದರ್ಶಿಗಳ ಪುಸ್ತಕದ ಮೇಲೆ ಅಂಗೈ ಇಟ್ಟುಬಿಟ್ಟರು. "ಸಾರ್, ಮನೆ ಬೇಡ ಬಿಡಿ. ಕಾಲಿಗೆ ಬೀಳ್ತೀನಿ, ಅವಳಾಗಿ ಏಳೋವರೆಗೆ ಎಬ್ಬಿಸಬೇಡಿ. ಅಷ್ಟು ಸಾಕು."

ಕಾರ್ಯದರ್ಶಿಗಳು ಬೆಂಚಿನ ಕಡೆ ನೋಡಿದರು. ಪುಸ್ತಕವನ್ನು ಸದ್ದಾಗದಂತೆ ಮುಚ್ಚಿದರು. ನರ್ಸಮ್ಮ ತುದಿಗಾಲಲ್ಲಿ ಹೋಗಿ ದಿಂಬು ತಂದು ತಲೆಗೆ ಕೊಟ್ಟರು, ನಾಡಿ ಹಿಡಿದು ಈ ಬಾರಿ ಎರಡು ಸಲ ಎಣಿಸಿದರು. ಬಡಗಿ ಸುತ್ತಿಗೆಯನ್ನು ಮನೆಯಲ್ಲಿಟ್ಟು ಬಂದು ಬಾಗಿಲಿನ ಕೀಲಿಗೆ ಸ್ಕ್ರೂ ತಿರುಗಿಸಿದ. ಪೇದೆ ಊದಿಕೊಂಡ ಕಾಲಿಟ್ಟುಕೊಂಡು ದಡದಲ್ಲಿ ನಿಂತು, ಮರಳಿ ಬಂದ ಬಾತುಕೋಳಿಗಳನ್ನು ದೂರ ಅಟ್ಟಿದ. ದೋಣಿಯವನು ಮಧ್ಯಾಹ್ನದ ಮೂರು ಸರದಿ ರದ್ದು ಮಾಡಿದ. ಯಾರೂ ಮನೆಗೆ ಹೋಗಲಿಲ್ಲ. ಎರಡು ಗಂಟೆಗೆ ಕಾರ್ಯದರ್ಶಿಗಳು ಗುಮಾಸ್ತರ ಕೈಗೆ ಏನೋ ತುರುಕಿ, ಫಲಕ ಒರೆಸಲು ಹೋದರು.

ಸಂಜೆ ಐದಕ್ಕೆ ಆಕೆ ಕಣ್ಣು ಬಿಟ್ಟಳು. ಸುತ್ತ ನೋಡಿ ಬೆಚ್ಚಿದಳು. "ಅಯ್ಯೋ, ಎಷ್ಟು ಹೊತ್ತಾಯ್ತು ರೀ? ಭೇಟಿ ಏನಾಯ್ತು?"

ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಅಂಗೈ ತೆರೆದರು. ಬೀಗದ ಕೈ.

ಆಕೆ ನೆಟ್ಟಗೆ ಕೂತಳು. ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು, ನಕ್ಕಳು. ಆಮೇಲೆ ಗಂಡನ ಕೆಂಪು ಕಣ್ಣು ನೋಡಿ ಮುಖ ಸಣ್ಣದಾಯಿತು. "ನಿಮಗೆ ಇಲ್ಲಿ ರೆಪ್ಪೆಗೆ ರೆಪ್ಪೆ ಹತ್ತಲ್ಲ. ನಾನು ಮಲಗಿ, ನೀವು ಸೂರು ನೋಡ್ತಾ ಕೂರೋದಾ? ಬೇಡ. ವಾಪಸ್ ಕೊಟ್ಟುಬಿಡಿ."

"ಸುಮ್ನಿರೇ. ನಮ್ಮ ಕೌಂಟರ್ ಬೆನ್ನಿಗೇ ಪ್ಲಾಟ್‌ಫಾರಮ್ಮು. ಹತ್ತು ನಿಮಿಷಕ್ಕೊಂದು ಗಾಡಿ ಗಡಗಡ ಅಂತ ಹೋಗುತ್ತೆ. ಊಟ ಆದ ಮೇಲೆ ಅಲ್ಲೇ ತಲೆ ಇಟ್ರೆ ಆಯ್ತು."

"ಕೆಲಸದ ಹೊತ್ತಲ್ಲಾ? ಯಾರಾದ್ರೂ ಸಾಮಾನು ಕಳ್ಕೊಂಡೋರು ಬಂದು ಕೌಂಟರ್ ಬಡಿದ್ರೆ?"

"ಬಡೀಲಿ ಬಿಡೇ," ಎಂದರು ಗುಮಾಸ್ತರು ಆಕಳಿಸುತ್ತ. "ಎಷ್ಟು ಬಡಿದ್ರೆ ಅಷ್ಟು ಒಳ್ಳೇದು."